ಎಂಎಸ್ ಇರುವ ಓಟಗಾರರಿಗೂ ಅನುಕೂಲ ಕಲ್ಪಿಸಿ

ಮಾನ್ಯರೇ,

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇರುವ ನಾನು, ಇದೇ ಕಾಯಿಲೆಯ ಬಡ ರೋಗಿಗಳ ಔಷಧ ವೆಚ್ಚಕ್ಕೆ ದೇಣಿಗೆ ಸಂಗ್ರಹಿಸಲು 42.195 ಕಿ.ಮೀ. ಮ್ಯಾರಥಾನ್‌ಗೆ ಸಿದ್ಧಳಾಗುತ್ತಿದ್ದೇನೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ನರತಂತುಗಳ ಮೈಲಿನ್ ಹೊದಿಕೆಯನ್ನು ಹಾಳುಮಾಡುವ ಈ ಕಾಯಿಲೆಯಲ್ಲಿ, ಮೈ ಬಿಸಿಯೇರಿದಂತೆ ನರಸಂದೇಶಗಳು ಇನ್ನಷ್ಟು ನಿಧಾನವಾಗುತ್ತವೆ. ಬಿಸಿಲೇರುವ ಹೊತ್ತಿಗೆ ನನ್ನ ಎಡಪಾದ ಮೇಲೇಳದೆ ಶೂವಿನ ತುದಿ ರಸ್ತೆಗೆ ಉಜ್ಜತೊಡಗುತ್ತದೆ, ಕಣ್ಣು ಮಂಜಾಗುತ್ತದೆ. ಮೈ ತಣ್ಣಗಾದರೆ ಈ ತೊಂದರೆ ಸಾಮಾನ್ಯವಾಗಿ ಇಳಿಯುತ್ತದೆಂಬುದು ಓಟದ ಸ್ವಯಂಸೇವಕರಿಗೆ ತಿಳಿದಿರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಎಂಎಸ್ ಕೂಡ ಇರುವುದರಿಂದ, ನಾವು ಕೇಳುತ್ತಿರುವುದು ದಯೆಯನ್ನಲ್ಲ. ನಸುಕಿನಲ್ಲೇ ಓಟ ಆರಂಭಿಸಲು ಅವಕಾಶ, ದಾರಿಯುದ್ದಕ್ಕೂ ಮಂಜುಗಡ್ಡೆ ಮತ್ತು ಒದ್ದೆ ಟವೆಲ್, ಮುಕ್ತಾಯದ ಗಡುವಿನಲ್ಲಿ ಒಂದಿಷ್ಟು ಸಡಿಲಿಕೆ, ಇವಿಷ್ಟನ್ನು ರಾಜ್ಯದ ಎಲ್ಲ ಓಟಗಳ ಸಂಘಟಕರು ಒದಗಿಸಬೇಕೆಂದು ಕೋರುತ್ತೇನೆ.

– ಓರ್ವ ಓಟಗಾರ್ತಿ, ಮೈಸೂರು