ಕ್ಯೋಟೋದ ಮಗಳಿಗೆ, ಇಮೊರಿ ತರುವ ಮುಂಚೆ

ಪ್ರೀತಿಯ ಪುಟ್ಟಿ,

ಈ ಭಾನುವಾರ ಇಮೊರಿ ತರಬೇಡ, ಅದೇ ಅಲ್ಲಿಯ ಕೆಂಪು ಹೊಟ್ಟೆಯ ನ್ಯೂಟ್, ಕಪ್ಪೆಯ ಹಾಗೆ ಉಭಯಚರ, ಆದರೆ ಬಾಲ ಇರುವಂಥದ್ದು. ಟ್ಯಾಂಕ್ ಬೇಕಾದರೆ ಇವತ್ತೇ ತಾ, ನೀರು ತುಂಬಿಸು, ಗಿಡ ಹಾಕು. ಪ್ರಾಣಿ ಮಾತ್ರ ಅಕ್ಟೋಬರ್‌ಗೆ ಬರಲಿ. ಅಮ್ಮನಿಗೆ ಯಾವುದಕ್ಕೂ ಮೊದಲು ‘ಬೇಡ’ ಅನ್ನುವ ಚಟ ಅಂತ ಗೊಣಗಬೇಡ. ನಿನ್ನ ಫೋಟೋ ನೋಡಿ ನನಗೂ ಆಸೆಯಾಗಿದೆ. ಕಪ್ಪು ಬೆನ್ನು, ಕುಂಕುಮ ಬಳಿದಂಥ ಹೊಟ್ಟೆ. ಇಷ್ಟು ವರ್ಷ ಪಾಠ ಮಾಡಿದರೂ ನಾನು ಕಾಲೇಜಿನ ಲ್ಯಾಬ್‌ನಲ್ಲಿ ನೋಡಿದ ನ್ಯೂಟ್ ಸ್ಪಿರಿಟ್ ಜಾಡಿಯೊಳಗೆ ಬಿಳಿಚಿಕೊಂಡಿದ್ದದ್ದು ಮಾತ್ರ. ನಮ್ಮ ಸಹ್ಯಾದ್ರಿಯಲ್ಲಿ ಕಪ್ಪೆಗಳಿವೆ, ಮಣ್ಣಿನೊಳಗೆ ಎರೆಹುಳುವಿನಂತಿರುವ ಕಾಲಿಲ್ಲದ ಸಿಸಿಲಿಯನ್‌ಗಳಿವೆ, ನ್ಯೂಟ್ ಒಂದೂ ಇಲ್ಲ. ಅವನ್ನು ನೋಡಬೇಕೆಂದರೆ ಡಾರ್ಜಿಲಿಂಗ್ ಕಡೆಗೋ ಈಶಾನ್ಯದ ಬೆಟ್ಟಗಳಿಗೋ ಹೋಗಬೇಕು. ಅಲ್ಲಿಯೂ ಅವು ಕಾನೂನಿನ ರಕ್ಷಣೆಯಲ್ಲಿರುವುದರಿಂದ ಮನೆಯಲ್ಲಿ ಸಾಕುವ ಮಾತೇ ಇಲ್ಲ. ಜಪಾನಿನಲ್ಲಿ ಅಂಗಡಿಯಲ್ಲೇ ಸಿಗುತ್ತವೆ ಅನ್ನುವುದು ನಿನ್ನ ಅದೃಷ್ಟ. ಬೆಲೆ ಕಡಿಮೆ ಇರುವುದರಿಂದ ಜನ ಯೋಚಿಸದೆ ಕೊಂಡುಬಿಡುತ್ತಾರೆ, ನನ್ನ ಹೆದರಿಕೆ ಅದೇ.

ಈಗ ಅಕ್ಟೋಬರ್ ಯಾಕೆ ಅಂತ ಹೇಳುತ್ತೇನೆ. ಇಮೊರಿ ತಣ್ಣೀರಿನ ಜೀವಿ. ನೀರು 15ರಿಂದ 20 ಡಿಗ್ರಿಯೊಳಗಿದ್ದರೆ ಅದು ಸುಖವಾಗಿ ತಿಂದು ತಿರುಗಾಡಿಕೊಂಡಿರುತ್ತದೆ. 25 ದಾಟಿ ದಿನಗಟ್ಟಲೆ ಹಾಗೇ ನಿಂತರೆ ಊಟ ಬಿಡುತ್ತದೆ, ಮೈಮೇಲೆ ಬೂಷ್ಟು ಹಿಡಿಯುತ್ತದೆ. ನಿನ್ನೂರು ಮೂರು ಕಡೆ ಬೆಟ್ಟ ಇರುವ ಬೋಗುಣಿ, ಆಗಸ್ಟ್‌ನಲ್ಲಿ 35 ಡಿಗ್ರಿ ದಾಟುವುದು ಅಲ್ಲಿ ಸಾಮಾನ್ಯ. ನೀನು ಬೆಳಿಗ್ಗೆ ಎ.ಸಿ. ಆರಿಸಿ ಹೋದರೆ ಸಂಜೆ ಬರುವಷ್ಟರಲ್ಲಿ ಆ ರೂಮಿನ ನೀರು ಎಷ್ಟಾಗಿರುತ್ತದೆ? ನನಗೆ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಅದನ್ನು ತಿಳಿದುಕೊಳ್ಳುವುದಕ್ಕೇ ಈ ಬೇಸಿಗೆ ಬೇಕು. ಟ್ಯಾಂಕ್ ಇಡು, ಥರ್ಮಾಮೀಟರ್ ಹಾಕು, ಪ್ರಾಣಿ ಇಲ್ಲದೆ ಆಗಸ್ಟ್ ಕಳೆ. ಮಧ್ಯಾಹ್ನದ ಉಷ್ಣತೆ ಬರೆದಿಡು. ಫ್ಯಾನ್ ಹಾಕಿ ನೋಡು, ಕಿಟಕಿಯ ಪರದೆ ಎಳೆದು ನೋಡು. ನೀರಿನ ಮೇಲೆ ಗಾಳಿ ಬೀಸುವ ಪುಟ್ಟ ಫ್ಯಾನ್ ಎರಡು ಮೂರು ಡಿಗ್ರಿ ಇಳಿಸುತ್ತದೆ. ಆದರೆ ಮಳೆಗಾಲದ ಹಸಿ ಗಾಳಿಯಲ್ಲಿ ನೀರು ಆವಿಯಾಗುವುದೇ ಕಡಿಮೆ, ಹಾಗಾಗಿ ಅಷ್ಟು ಇಳಿಯುವುದಿಲ್ಲ. ಐಸ್ ಬಾಟಲಿ ತೇಲಿಬಿಡುವ ಉಪಾಯ ನೀನು ಕೇಳಿದ್ದೆ. ಒಂದು ದಿನದ ತುರ್ತಿಗೆ ಸರಿ, ದಿನಾ ಮಾಡಿದರೆ ನೀರು ಬಿಸಿ ತಣ್ಣಗೆ ಅಂತ ಜೀಕುತ್ತದೆ, ಅದು ಸೆಕೆಗಿಂತ ಒಳ್ಳೆಯದೇನಲ್ಲ. ಇಷ್ಟೆಲ್ಲ ಮಾಡಿಯೂ ನೀರು 28ರಲ್ಲೇ ನಿಂತರೆ ಎರಡೇ ದಾರಿ: ಹಗಲೆಲ್ಲ ಎ.ಸಿ. ಓಡಿಸುವ ಕರೆಂಟ್ ಬಿಲ್ ಒಪ್ಪಿಕೊಳ್ಳುವುದು, ಇಲ್ಲವೇ ಇಮೊರಿಯ ಆಸೆ ಬಿಡುವುದು. ಖಾಲಿ ಟ್ಯಾಂಕ್ ಇಟ್ಟುಕೊಂಡು ಆ ತೀರ್ಮಾನ ಮಾಡುವುದು ಸುಲಭ.

ಸೆಕೆಯ ತಿಂಗಳಲ್ಲಿ ಇನ್ನೊಂದು ಕೆಲಸವೂ ಆಗುತ್ತದೆ. ಇಮೊರಿ ಉಗುಳಿದ್ದು, ವಿಸರ್ಜಿಸಿದ್ದು, ತಿಂದು ಬಿಟ್ಟದ್ದು ಎಲ್ಲ ಕೊಳೆತು ಅಮೋನಿಯಾ ಆಗುತ್ತದೆ. ಅದಕ್ಕೆ ಶ್ವಾಸಕೋಶ ಇದ್ದರೂ ಚರ್ಮದಿಂದಲೂ ಉಸಿರಾಡುವ ಜೀವಿಯಾದ್ದರಿಂದ ನೀರಿನ ವಿಷ ನೇರ ಮೈಗೆ ಇಳಿಯುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ, ಅದು ಸ್ವಲ್ಪ ಮಟ್ಟಿಗೆ ಇದ್ದರೆ ತೊಂದರೆಯಿಲ್ಲ. ಈ ಎರಡೂ ಬಗೆಯವು ಫಿಲ್ಟರಿನ ಸ್ಪಂಜಿನಲ್ಲಿ ಮನೆ ಮಾಡುವುದಕ್ಕೆ ನಾಲ್ಕರಿಂದ ಆರು ವಾರ ಬೇಕು. ಬೆಚ್ಚಗಿನ ನೀರಿನಲ್ಲಿ ಬೇಗ ಬೆಳೆಯುತ್ತವೆ, ಆದ್ದರಿಂದ ಇಮೊರಿಗೆ ಆಗದ ಆಗಸ್ಟ್ ಇವಕ್ಕೆ ಹಬ್ಬ. ಖಾಲಿ ಟ್ಯಾಂಕ್‌ಗೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿರು, ಅದು ಕೊಳೆತು ಅವಕ್ಕೆ ಊಟವಾಗುತ್ತದೆ. ನಿನ್ನ ಲ್ಯಾಬಿನಲ್ಲಿ ಯಾರದಾದರೂ ರೋಗವಿಲ್ಲದ ಹಳೆಯ ಟ್ಯಾಂಕ್ ಇದ್ದರೆ ಅದರ ಫಿಲ್ಟರ್ ಸ್ಪಂಜಿನ ಒಂದು ತುಂಡು ಕೇಳಿ ತಂದು ಹಾಕು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ವಾರಕ್ಕೊಮ್ಮೆ ಟೆಸ್ಟ್ ಮಾಡು. ಕೊಳ್ಳುವಾಗ ನೋಡಿ ಕೊಳ್ಳು, ನೀರಿಗೆ ಅದ್ದಿ ನೋಡುವ ಎಷ್ಟೋ ಟೆಸ್ಟ್ ಪಟ್ಟಿಗಳಲ್ಲಿ ಅಮೋನಿಯಾದ ಪರೀಕ್ಷೆ ಇರುವುದೇ ಇಲ್ಲ, ಅದನ್ನು ಬೇರೆಯಾಗಿ ತರಬೇಕು. ಮೊದಲು ಅಮೋನಿಯಾ ಏರುತ್ತದೆ, ಆಮೇಲೆ ನೈಟ್ರೈಟ್ ಏರುತ್ತದೆ, ಆಮೇಲೆ ಎರಡೂ ಸೊನ್ನೆಗೆ ಬರುತ್ತವೆ. ಸೊನ್ನೆ ಅಂದರೆ ಸೊನ್ನೆ, ‘ತುಂಬಾ ಕಮ್ಮಿ’ ಅಲ್ಲ. ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ನಂಬಬೇಡ, ಅಮೋನಿಯಾಕ್ಕೆ ಬಣ್ಣವಿಲ್ಲ.

ಟ್ಯಾಂಕ್ ಯಾವುದು ಅಂತ ಕೇಳಿದ್ದೆ. ಅಲ್ಲಿ ಎಲ್ಲೆಡೆ ಸಿಗುವ 60 ಸೆಂಟಿಮೀಟರಿನದೇ ತಗೊ. ಚಿಕ್ಕದು ಮುದ್ದಾಗಿ ಕಾಣುತ್ತದೆ, ಆದರೆ ಕಡಿಮೆ ನೀರು ಬೇಗ ಬಿಸಿಯಾಗುತ್ತದೆ, ಬೇಗ ಕೆಡುತ್ತದೆ. ಹೊಸಬರಿಗೆ ದೊಡ್ಡ ಟ್ಯಾಂಕೇ ಸುಲಭ. ಒಂದು ಗೇಣಿನಷ್ಟು ನೀರು ನಿಲ್ಲಿಸಿದರೆ ಸುಮಾರು 40 ಲೀಟರ್, ಎರಡು ಇಮೊರಿಗೆ ಸಾಕು. ನಾಲ್ಕು ತರುತ್ತೇನೆ ಅಂದಿದ್ದೆಯಲ್ಲ, ಅದನ್ನು ಈಗಲೇ ಬಿಡು. ಗಾಜು, ಮರಳು ಸೇರಿ ಭಾರ ಐವತ್ತು ಅರವತ್ತು ಕಿಲೋ ಆಗುತ್ತದೆ, ನೆಲಕ್ಕೆ ಹಾಸಿದ ತತಾಮಿ ಚಾಪೆಯ ಮೇಲೆ ನೇರವಾಗಿ ಇಟ್ಟು ಮನೆಯ ಮಾಲೀಕರ ಹತ್ತಿರ ಬೈಸಿಕೊಳ್ಳಬೇಡ. ಗಟ್ಟಿ ತಗ್ಗು ಸ್ಟ್ಯಾಂಡ್ ಮೇಲೆ, ಉತ್ತರದ ಗೋಡೆಯ ಬದಿಗೆ ಇಡು.

ತಳಕ್ಕೆ ನುಣ್ಣನೆಯ ಮರಳು, ಇಲ್ಲವೇ ಅದರ ಬಾಯಿಗೆ ಹಿಡಿಸದಷ್ಟು ದೊಡ್ಡ ಕಲ್ಲು. ನಡುವಿನ ಗಾತ್ರದ ಬಣ್ಣದ ಜಲ್ಲಿ ಬೇಡವೇ ಬೇಡ, ಊಟದ ಜೊತೆ ನುಂಗಿ ಹೊಟ್ಟೆ ಕಟ್ಟುತ್ತದೆ. ಫಿಲ್ಟರ್ ಸ್ಪಂಜಿನದೇ ಇರಲಿ, ಏರ್ ಪಂಪಿನಿಂದ ಗುಳುಗುಳು ಅನ್ನುವಂಥದ್ದು. ಗದ್ದೆ, ಕೆರೆ, ನಿಂತ ತೋಡಿನ ಜೀವಿಗೆ ಹೊಳೆಯ ಸೆಳೆತ ಹಿಡಿಸದು. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡು, ಕರೆಂಟ್ ಹೋದಾಗ ನೀರು ಹಿಂದಕ್ಕೆ ಹರಿದು ಪಂಪಿಗೆ ನುಗ್ಗಬಾರದು. (ಕ್ಯೋಟೋದಲ್ಲಿ ಕರೆಂಟ್ ಹೋಗುವುದಿಲ್ಲ ಅಂತ ನೀನು ನಗುತ್ತೀ. ಸಾಗರದವಳು ನಾನು, ಬರೆಯದೆ ಇರಲಾರೆ.) ಏರಿ ಕೂರಲು ಕಾರ್ಕ್ ತೊಗಟೆಯ ತೆಪ್ಪವೊಂದು ತೇಲುತ್ತಿರಲಿ. ಜಾವಾ ಪಾಚಿ, ಅನಾಕಾರಿಸ್ ಥರದ ನೀರಿನ ಗಿಡ ಧಾರಾಳವಾಗಿ ಹಾಕು. ವಸಂತದಲ್ಲಿ ಹೆಣ್ಣು ಹಿಂಗಾಲಿನಿಂದ ಎಲೆ ಮಡಚಿ ಒಂದೊಂದೇ ಮೊಟ್ಟೆಯನ್ನು ಅದರೊಳಗೆ ಅಂಟಿಸುತ್ತದಂತೆ, ಹಾಗಾದರೆ ನನಗೆ ವಿಡಿಯೊ ಕಾಲ್ ಮಾಡಲೇಬೇಕು.

ಮುಚ್ಚಳದ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಇಮೊರಿ ಒದ್ದೆ ಗಾಜನ್ನು ಹೊಟ್ಟೆ ಅಂಟಿಸಿಕೊಂಡು ಹತ್ತುತ್ತದೆ. ಗಾಳಿಯ ಪೈಪು ಹೋಗುವ ಸಂದಿ ಸಾಕು ಹೊರಬೀಳಲು. ಹೊರಬಿದ್ದದ್ದು ಫ್ರಿಜ್ಜಿನ ಹಿಂದೆ ಒಣಗಿ ಕಡ್ಡಿಯಾಗಿ ಸಿಗುತ್ತದೆ. ಜಾಳಿಗೆಯ ಮುಚ್ಚಳ ಹಾಕಿ, ಮೇಲೆ ಭಾರ ಇಟ್ಟು, ಪೈಪಿನ ಸಂದಿಗೆ ಸ್ಪಂಜ್ ತುರುಕು.

ನಲ್ಲಿ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕದೆ ಸುರಿಯಬೇಡ, ಅಲ್ಲಿ ‘ಕರುಕಿ-ನುಕಿ’ ಅಂದರೆ ಕೊಡುತ್ತಾರೆ. ನಿನ್ನ ನಲ್ಲಿಗೆ ಬರುವುದು ಬಿವಾ ಸರೋವರದ ನೀರು. 1890ರಲ್ಲಿ ಮುಗಿದ ಕಾಲುವೆಯಿಂದ ಶುರುವಾದ ವ್ಯವಸ್ಥೆ ಅದು. ಮೆದು ನೀರು, ಇಮೊರಿಗೆ ಒಗ್ಗುತ್ತದೆ. ಆದರೆ ಜಪಾನಿನ ನಿಯಮದ ಪ್ರಕಾರ ನಲ್ಲಿಯ ತುದಿಯಲ್ಲೂ ಲೀಟರಿಗೆ 0.1 ಮಿಲಿಗ್ರಾಂ ಕ್ಲೋರಿನ್ ಉಳಿದಿರಲೇಬೇಕು. ನಮಗೆ ಅದು ಏನೂ ಅಲ್ಲ, ನಿನ್ನ ಸ್ಪಂಜಿನ ಬ್ಯಾಕ್ಟೀರಿಯಾಕ್ಕೂ ಇಮೊರಿಯ ಚರ್ಮಕ್ಕೂ ಬೇಡದ್ದು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸು. ಸ್ಪಂಜನ್ನು ನಲ್ಲಿಯ ಕೆಳಗೆ ತಿಕ್ಕಬೇಡ, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡು.

ಊಟ ಸುಲಭ: ಫ್ರೀಜ್ ಮಾಡಿದ ಅಕಾಮುಶಿ ಹುಳು, ಸಣ್ಣ ಎರೆಹುಳು, ವಾರಕ್ಕೆ ಎರಡು ಮೂರು ಸಲ. ಉಳಿದದ್ದನ್ನು ಆಗಲೇ ತೆಗೆ. ಜೊತೆಗೆ ಮೀನು ಬೇಡ. ಮೀನು ಅದರ ಬಾಲ ಕಚ್ಚುತ್ತದೆ, ಇಲ್ಲವೇ ಅದು ಮೀನನ್ನು ತಿನ್ನುತ್ತದೆ. ಅದರ ಚರ್ಮದಲ್ಲಿ ಫುಗು ಮೀನಿನಲ್ಲಿರುವ ಟೆಟ್ರೋಡೋಟಾಕ್ಸಿನ್ ವಿಷವೇ ಇದೆ, ಆ ಕೆಂಪು ಹೊಟ್ಟೆ ತೋರಿಸುವುದು ಎಚ್ಚರಿಕೆ ಕೊಡುವುದಕ್ಕೆ. ಮುಟ್ಟಿದರೆ ನಿನಗೇನೂ ಆಗುವುದಿಲ್ಲ, ಕೈ ತೊಳೆಯದೆ ಕಣ್ಣು ಉಜ್ಜಿಕೊಳ್ಳಬೇಡ. ಇಮೊರಿಯ ವಿಷ ನಿನಗೆ ಮಾಡುವುದಕ್ಕಿಂತ ನಿನ್ನ ಕೈಯ ಸೋಪು, ಕ್ರೀಮು ಇಮೊರಿಗೆ ಹೆಚ್ಚು ಅಪಾಯ. ಮುಟ್ಟದಿದ್ದರೆ ಇಬ್ಬರಿಗೂ ಕ್ಷೇಮ.

ಈಗ ನಿನ್ನಪ್ಪ ಕೂಡ ತಲೆದೂಗಿದ ವಿಷಯ. ಇದು ಒಂದೆರಡು ವರ್ಷ ಬದುಕುವ ಪ್ರಾಣಿ ಅಲ್ಲ. ಜಪಾನಿನ ಇದೇ ಜಾತಿಯ ಇಮೊರಿಗಳ ಕಣ್ಣಿನ ಮಸೂರವನ್ನು ವಿಜ್ಞಾನಿಗಳು 16 ವರ್ಷಗಳಲ್ಲಿ 18 ಸಲ ತೆಗೆದರು, ಪ್ರತಿ ಸಲವೂ ಹೊಸತು ಬೆಳೆಯಿತು. ಆ ವರದಿ 2011ರಲ್ಲಿ ಬಂದಾಗ ನಾನು ಕ್ಲಾಸಿನಲ್ಲಿ ಓದಿ ಹೇಳಿದ್ದೆ. ಪ್ರಯೋಗ ಮುಗಿಯುವಾಗ ಅವಕ್ಕೆ ಕನಿಷ್ಠ 30 ವರ್ಷ ವಯಸ್ಸು. ನಿನ್ನ ಫೆಲೋಶಿಪ್ ಎಷ್ಟು ವರ್ಷ? ಆಮೇಲೆ ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರಲಾಗುವುದಿಲ್ಲ. ಅಲ್ಲೇ ಯಾರಿಗೆ ಕೊಡುತ್ತೀ ಅಂತ ಈಗಲೇ ಮಾತಾಡಿ ಇಟ್ಟುಕೊ. ಹೊಳೆಗೆ ಬಿಡುವುದಂತೂ ಕೂಡದು. ಕಮೋ ನದಿಯ ದೈತ್ಯ ಸಲಮಾಂಡರ್‌ಗಳ, ಅಂದರೆ ಇಮೊರಿಯ ದೊಡ್ಡ ನೆಂಟರ ಕಥೆ ನೆನಪಿದೆಯಾ, ಕ್ಯೋಟೋ ಅಕ್ವೇರಿಯಂನಲ್ಲಿ ಒಂದರ ಮೇಲೊಂದು ಬಿದ್ದುಕೊಂಡಿದ್ದನ್ನು ನೋಡಿದ್ದೆವಲ್ಲ? ಮನುಷ್ಯರು ತಂದ ಚೀನಾದ ಜಾತಿ ಅಲ್ಲಿಯದರ ಜೊತೆ ಬೆರೆತು, ಆ ನದಿಯಲ್ಲಿ ಈಗ ಮಿಶ್ರತಳಿಗಳೇ ಬಹಳ. ಇಮೊರಿಯಲ್ಲೂ ಒಂದೊಂದು ಸೀಮೆಯದಕ್ಕೆ ಒಂದೊಂದು ವಂಶ. ಟ್ಯಾಂಕಿನ ಕೊಳೆನೀರು ಕೂಡ ಬಚ್ಚಲಿಗೆ ಹೋಗಲಿ, ತೋಡಿಗೆ ಬೇಡ. ಏಷ್ಯಾದ ನ್ಯೂಟ್‌ಗಳ ಮೈಮೇಲೆ ಅವಕ್ಕೆ ಅಷ್ಟಾಗಿ ಏನೂ ಮಾಡದೆ ಇರುವ ಬಿಸಾಲ್ ಎಂಬ ಶಿಲೀಂಧ್ರ ಸಾಕುಪ್ರಾಣಿ ವ್ಯಾಪಾರದಿಂದ ಯುರೋಪ್ ತಲುಪಿತು ಎಂದು ವಿಜ್ಞಾನಿಗಳು ಹೇಳುತ್ತಾರೆ. ನೆದರ್ಲೆಂಡ್ಸ್‌ನ ಫೈರ್ ಸಲಮಾಂಡರ್‌ಗಳನ್ನು ಅದು ಬಹುತೇಕ ಅಳಿಸಿಹಾಕಿತು. ಅದಕ್ಕೇ ಅಮೆರಿಕ 2016ರಲ್ಲಿ ಸಲಮಾಂಡರ್, ನ್ಯೂಟ್‌ಗಳ 20 ಕುಲಗಳ ಆಮದು ನಿಲ್ಲಿಸಿತು.

ಕೊಳ್ಳುವಾಗ ಎಲ್ಲಿಂದ ಬಂದದ್ದು ಅಂತ ಕೇಳು. ಗದ್ದೆಯಿಂದ ಹಿಡಿದು ತಂದದ್ದೇ ಹೆಚ್ಚು, ಕಾಂಕ್ರೀಟ್ ತೋಡು ಬಂದಮೇಲೆ ಗದ್ದೆಯಲ್ಲೂ ಅವು ಕಮ್ಮಿಯಾಗಿವೆ. ಸಾಕಿದವರ ಮನೆಯಲ್ಲಿ ಹುಟ್ಟಿ ಬೆಳೆದದ್ದು ಸಿಗುವವರೆಗೆ ಕಾಯಲು ಸಾಧ್ಯವಾದರೆ ಕಾಯಿ. ತೀರಾ ಮರಿ ಬೇಡ, ಮರಿಗಳು ವರ್ಷಗಟ್ಟಲೆ ನೆಲದ ಮೇಲೇ ಇರುತ್ತವೆ, ಸಾಕುವುದು ಕಷ್ಟ. ಸೊಂಟದ ಮೂಳೆ ಕಾಣುವಂಥದ್ದು, ಮೈಮೇಲೆ ಬಿಳಿ ಹತ್ತಿ ಹಿಡಿದಂಥದ್ದು ಬೇಡ. ಎರಡನ್ನೂ ಒಂದೇ ಕಡೆ, ಒಂದೇ ದಿನ ತಾ.

ಅಪ್ಪ ಪಕ್ಕದಲ್ಲಿ ಕೂತು ಅದು ಕಚ್ಚುತ್ತದಾ ಅಂತ ಕೇಳುತ್ತಿದ್ದಾರೆ. ಹಲ್ಲು ಇದೆ, ಗೊತ್ತೂ ಆಗುವುದಿಲ್ಲ ಅಂತ ಹೇಳಿದೆ. ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಇಲ್ಲಿ ಆಷಾಢದ ಮಳೆ ಬಿಟ್ಟಿಲ್ಲ, ಅಂಗಳದಲ್ಲಿ ಕಾಲಿಡುವ ಹಾಗಿಲ್ಲ. ಟ್ಯಾಂಕ್ ಇಟ್ಟ ದಿನ ಥರ್ಮಾಮೀಟರ್ ಕಾಣುವ ಹಾಗೆ ಫೋಟೋ ಹಾಕು, ಮುಚ್ಚಳದ್ದೂ ಒಂದು.

ನಿನ್ನ
ಅಮ್ಮ