ಕ್ಲಿನಿಕಲ್ ಸೈಕಾಲಜಿಯ ದಾರಿ ತೋರಿಸಿದ ಮೇಡಂ ಅವರಿಗೆ

ಹಾಸನದ ಗ್ರಂಥಾಲಯದಲ್ಲಿ ನಮ್ಮ ಎಂ.ಎ. ವಿದ್ಯಾರ್ಥಿಗಳ ಜೊತೆ ಕೂತು ಕ್ಲಿನಿಕಲ್ ಸೈಕಾಲಜಿ (ಮಾನಸಿಕ ತೊಂದರೆಗಳ ಪರೀಕ್ಷೆ, ಚಿಕಿತ್ಸೆ) ಕೋರ್ಸಿನ ಅರ್ಜಿ ತಿದ್ದಿಕೊಟ್ಟು, ಹೆಸರೂ ಹೇಳದೆ ಹೊರಟ ಮೇಡಂ, ನಿಮಗೆ ಮನಸಾರೆ ಧನ್ಯವಾದ.

ಫೀಸು, ಹಾಸ್ಟೆಲ್ಲು ಆಮೇಲೆ, ಮೊದಲು ಕ್ಲಿನಿಕಲ್ ಸೈಕಾಲಜಿಸ್ಟ್‌ಗಳನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ಮಾನ್ಯತೆ ನೋಡಿ ಎಂದಿರಿ. ಎಲ್ಲಕ್ಕಿಂತ ದೊಡ್ಡ ಮಾತು ಅದೇ. ಕೋರ್ಸಿನ ಹೆಸರಲ್ಲಿ ‘ಕ್ಲಿನಿಕಲ್’ ಇದ್ದ ಮಾತ್ರಕ್ಕೆ ಮಾನ್ಯತೆ ಇರಬೇಕೆಂದಿಲ್ಲ. ಮಾನ್ಯತೆ ಇಲ್ಲದ ಕಡೆ ಎರಡು ವರ್ಷ ಓದಿದರೂ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ನೋಂದಣಿ ಸಿಗದು. ಮಾನ್ಯತೆಗೆ ಅವಧಿಯೂ ಇರುತ್ತದೆ. ಆದ್ದರಿಂದ ಕಾಲೇಜಿನ ಕರಪತ್ರ ನಂಬದೆ, ಸೇರುವ ವರ್ಷಕ್ಕೆ ಅದು ಚಾಲ್ತಿಯಲ್ಲಿದೆಯೇ ಎಂದು ಪರಿಷತ್ತಿನ ಪಟ್ಟಿಯಲ್ಲೇ ನೋಡಬೇಕು. ಹಿಂದಿನವರು ಈ ವೃತ್ತಿಗೆ ಬರುತ್ತಿದ್ದ ಎಂ.ಫಿಲ್. ಪದವಿಯನ್ನು ಯುಜಿಸಿ ನಿಲ್ಲಿಸಿ, ಈ ವಿಷಯಕ್ಕೆ 2025-26ರ ಸಾಲಿನವರೆಗೆ ಮಾತ್ರ ವಿನಾಯಿತಿ ಕೊಟ್ಟಿದ್ದರಿಂದ ಹಳೆಯ ಸೀನಿಯರ್‌ಗಳ ಸಲಹೆ ಈಗ ಪೂರ್ತಿ ಹೊಂದುವುದಿಲ್ಲ.

ಜಾತಿ ಪ್ರಮಾಣಪತ್ರದ ವಿಚಾರವಂತೂ ನಮ್ಮೂರಿಗೆ ತುಂಬ ಬೇಕಾಗಿತ್ತು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಕೇಂದ್ರ ಸರ್ಕಾರದ್ದು. ನಾಡಕಚೇರಿ ಕೊಡುವ ರಾಜ್ಯದ ಹಿಂದುಳಿದ ವರ್ಗದ 2ಎ, 3ಎ ಪ್ರಮಾಣಪತ್ರ ಅಲ್ಲಿ ನಡೆಯದು. ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರವನ್ನು ಬೇರೆಯೇ ಮಾಡಿಸಬೇಕು, ಅದೂ ಕೊನೆಯ ದಿನಾಂಕಕ್ಕೆ ಸಾಕಷ್ಟು ಮೊದಲೇ.

ಈ ಕೋರ್ಸು ಯಾಕೆ ಬೇಕೆಂದು ಬರೆಯುವ ಉದ್ದೇಶ ಪತ್ರದಲ್ಲಿ ‘ಜನಸೇವೆಯ ಆಸೆ’ ಎಂದು ಬರೆದದ್ದನ್ನೆಲ್ಲ ಹೊಡೆದುಹಾಕಿಸಿ, ಇಂಟರ್ನ್‌ಶಿಪ್‌ನಲ್ಲಿ ಯಾರ ಮೇಲ್ವಿಚಾರಣೆ, ಎಷ್ಟು ಗಂಟೆ, ಯಾವ ಮನೋವೈಜ್ಞಾನಿಕ ಪರೀಕ್ಷೆಗಳನ್ನು ಮಾಡಲು ಕಲಿತೆ ಎಂದು ಬರೆಸಿದಿರಿ. ಆ ತಿದ್ದಿದ ಪ್ರತಿಗಳನ್ನು ಈಗ ಮುಂದಿನ ತಂಡಕ್ಕೂ ಓದಲು ಕೊಡುತ್ತಿದ್ದೇವೆ.