‘ಮುಗ್ಧ’ ಇದ್ದಲ್ಲೇ ಇರಲಿ

ಮಾನ್ಯ ಸಂಪಾದಕರಿಗೆ,

ನೀವು ಮಕ್ಕಳ ಕೆಸರುಗದ್ದೆ ಆಟದ ಫೋಟೋಗೆ ಕೊಟ್ಟ ‘ಕೆಸರಲ್ಲಿ ಮುಗ್ಧ ನಗು’ ಎಂಬ ಶೀರ್ಷಿಕೆಗೆ ಕಳೆದ ವಾರ ಓದುಗರೊಬ್ಬರು ಆಕ್ಷೇಪ ಎತ್ತಿದ್ದರು. ಸಂಸ್ಕೃತದಲ್ಲಿ ಮುಗ್ಧ ಎಂದರೆ ಬುದ್ಧಿ ಮಂಕಾದವನು, ದಡ್ಡ. ಮಕ್ಕಳಿಗೆ ಅದು ಅವಮಾನ, ‘ನಿಷ್ಕಪಟ’ ಎಂದು ಬರೆಯಿರಿ ಎಂದು ಅವರ ಸಲಹೆ. ಅವರು ಹೇಳಿದ ಮೂಲಾರ್ಥ ಸರಿಯೇ. ಮುಗ್ಧ, ಮೂಢ, ಮೋಹ ಮೂರೂ ‘ಮುಹ್’ ಧಾತುವಿನಿಂದಲೇ ಹುಟ್ಟಿದವು. ಆದರೆ ಹುಟ್ಟಿದ ಮನೆ ನೋಡಿ ಪದದ ಯೋಗ್ಯತೆ ಅಳೆಯಲು ಹೊರಟರೆ ಏನಾಗುತ್ತದೆ ಎಂದು ನನಗೆ ಕಲಿಸಿದ್ದು ಇಂಗ್ಲಿಷಿನ ಒಂದು ಸತ್ತ ಗುಣವಾಚಕ.

ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾದವಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೋಲ್‌ರಿಜ್ ಕವಿಯ ಮುದಿ ನಾವಿಕನ ಕಥನಗೀತೆ ಪಾಠಕ್ಕಿತ್ತು. ಅದು 1798ರದ್ದು. ಹಡಗು ನಡುಗಡಲಲ್ಲಿ ನಿಂತುಬಿಟ್ಟಿದೆ, ಕುಡಿಯಲು ತೊಟ್ಟು ನೀರಿಲ್ಲ. ಕೊನೆಗೂ ನಿದ್ದೆ ಹತ್ತಿದ ನಾವಿಕನಿಗೆ ಡೆಕ್ಕಿನ ಮೇಲೆ ಬಿದ್ದಿದ್ದ ಬಕೆಟುಗಳಲ್ಲಿ ಇಬ್ಬನಿ ತುಂಬಿದ ಹಾಗೆ ಕನಸು, ಎಚ್ಚರವಾದರೆ ಮಳೆ! ಆ ಬಕೆಟುಗಳಿಗೆ ಕವಿ ಹಚ್ಚಿದ ವಿಶೇಷಣ ‘ಸಿಲ್ಲಿ’. “ಬಕೆಟ್ ಹೇಗೆ ಮೇಡಂ ಸಿಲ್ಲಿ ಆಗುವುದು?” ಎಂದ ಹಿಂದಿನ ಬೆಂಚಿನ ಹುಡುಗ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಉತ್ತರ ಗೊತ್ತಿಲ್ಲದಾಗ ನಾವು ಪಾಠ ಮಾಡುವವರು ಏನು ಹೇಳುತ್ತೇವೋ ಅದನ್ನೇ ಹೇಳಿದೆ: ಕವಿಸ್ವಾತಂತ್ರ್ಯ.

ನಾಚಿಕೆಯಾಗಿ ಸಂಜೆ ಲೈಬ್ರರಿಯಲ್ಲಿ ದಪ್ಪ ನಿಘಂಟು ಇಳಿಸಿಕೊಂಡು ಕೂತೆ. ‘ಸಿಲ್ಲಿ’ಯಿಂದ ಹಿಂದಕ್ಕೆ ಹೋದರೆ ಸಿಕ್ಕಿದ್ದು ‘ಸೀಲಿ’. ಈಗ ಯಾರೂ ಬಳಸದ ಪದ. ಸ್ಕಾಟ್ಲೆಂಡಿನ ಕಿನ್ನರಿ ಕಥೆಗಳಲ್ಲಿ ಒಳ್ಳೆಯ ಕಿನ್ನರಿಯರ ಕೂಟಕ್ಕೆ ಹೆಸರಾಗಿ ಅಷ್ಟಿಷ್ಟು ಉಳಿದಿದೆ. ಇಂಗ್ಲಿಷಿನ ಬಾಲ್ಯದಲ್ಲಿ ಅದರ ಅರ್ಥ ಭಾಗ್ಯವಂತ, ದೇವರ ಕೃಪೆಯುಳ್ಳವನು ಎಂದು. ಅದರ ದಾಯಾದಿ ‘ಝೇಲಿಗ್’ ಜರ್ಮನಿನಲ್ಲಿ ಇವತ್ತಿಗೂ ಅದೇ ಗೌರವದಲ್ಲಿದೆ. ಕನ್ನಡ ಬೈಬಲಿನಲ್ಲಿ ‘ಆತ್ಮದಲ್ಲಿ ಬಡವರಾಗಿರುವವರು ಧನ್ಯರು’ ಎಂದಿದೆಯಲ್ಲ, ಆ ‘ಧನ್ಯರು’ ಇರುವಲ್ಲಿ ಲೂಥರನ ಜರ್ಮನ್ ಬೈಬಲಿನಲ್ಲಿರುವುದು ಅದೇ ಪದ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟಿನ ನಮ್ಮ ಕಿಟೆಲರೂ ಜರ್ಮನರೇ; ಅವರ ಮಾತಿನಲ್ಲಿ ಧನ್ಯವಾಗಿಯೇ ಉಳಿದ ಪದ ಕಡಲಾಚೆಯ ಇಂಗ್ಲೆಂಡಿನಲ್ಲಿ ಪೆದ್ದಾಗಿತ್ತು.

ಒಂದೇ ರಾತ್ರಿಯಲ್ಲಿ ಏನೂ ಆಗಲಿಲ್ಲ. ದೇವರ ಕೃಪೆಯುಳ್ಳವನು ಎಂದರೆ ಕೇಡರಿಯದವನು. ಕೇಡರಿಯದವನು ಸುಲಭವಾಗಿ ಮೋಸಹೋಗುತ್ತಾನೆ, ಅವನನ್ನು ಕಂಡರೆ ಅಯ್ಯೋ ಅನ್ನಿಸುತ್ತದೆ. ಅಯ್ಯೋ ಅನ್ನಿಸಿಕೊಂಡವನು ಬಲಹೀನ, ಬಲಹೀನನು ಬುದ್ಧಿಹೀನ. ನಮ್ಮಲ್ಲಿ ಮದುವೆ ದಲ್ಲಾಳಿ “ಹುಡುಗ ತುಂಬಾ ಸಾಧು” ಎಂದಾಗ ಹೆಣ್ಣಿನ ಕಡೆಯವರು ಮುಖ ಮುಖ ನೋಡಿಕೊಳ್ಳುವುದಿಲ್ಲವೇ? ಅದೇ ದಾರಿ.

ಈ ಜಾರುದಾರಿಯ ಮಧ್ಯದಲ್ಲೇ ಪದವನ್ನು ಹಿಡಿದು ನಿಲ್ಲಿಸಿದವನು ಹದಿನಾಲ್ಕನೇ ಶತಮಾನದ ಇಂಗ್ಲಿಷ್ ಕವಿ ಚಾಸರ್. ಅವನ ‘ಕ್ಯಾಂಟರ್‌ಬರಿ ಕಥೆಗಳ’ಲ್ಲಿ ಗಿರಣಿಯವನೊಬ್ಬ ಹೇಳುವ ಕಥೆಯಲ್ಲಿ ಆಕ್ಸ್‌ಫರ್ಡಿನ ಮುದಿ ಬಡಗಿಯೊಬ್ಬ ಬರುತ್ತಾನೆ, ಹೆಂಡತಿ ಎಳೆಯ ಪ್ರಾಯದವಳು. ಬಾಡಿಗೆಗಿದ್ದ ವಿದ್ಯಾರ್ಥಿ, ಬೈಬಲಿನ ನೋಹನ ಕಾಲದ್ದನ್ನು ಮೀರಿಸುವ ಪ್ರಳಯ ಬರುತ್ತದೆ ಎಂದು ನಂಬಿಸುತ್ತಾನೆ. ಬಡಗಿ ಹೆಂಡತಿಯನ್ನು ನೆನೆದು ಅಳುತ್ತಾನೆ. ಮೂರು ತೊಟ್ಟಿ ತಂದು ಮಾಡಿಗೆ ಕಟ್ಟಿ, ತಿಂಡಿ ತುಂಬಿಸಿ, ತನ್ನದರಲ್ಲಿ ಕೂತು ಗೊರಕೆ ಹೊಡೆಯುತ್ತಾನೆ. ಉಳಿದಿಬ್ಬರು ಮೆಲ್ಲಗೆ ಇಳಿದು ಹೋಗುತ್ತಾರೆ. ನಡುರಾತ್ರಿ ಬೇರೇನೋ ಕಾರಣಕ್ಕೆ ವಿದ್ಯಾರ್ಥಿ “ನೀರು! ನೀರು!” ಎಂದು ಕಿರುಚಿದಾಗ, ಪ್ರಳಯ ಬಂತೆಂದು ಬಡಗಿ ಹಗ್ಗ ಕಡಿದು ನೆಲಕ್ಕೆ ಬಿದ್ದು ಕೈ ಮುರಿದುಕೊಳ್ಳುತ್ತಾನೆ. ಊರಿಗೆ ಊರೇ ನಗುತ್ತದೆ. ಕಥೆಯುದ್ದಕ್ಕೂ ಚಾಸರ್ ಈ ಬಡಗಿಯನ್ನು ಮತ್ತೆ ಮತ್ತೆ ಕರೆಯುವುದು ‘ಸೀಲಿ’ ಎಂಬ ಇದೇ ಪದದಿಂದ. ಅವನು ದೈವಭಕ್ತ, ಕೇಡರಿಯದವ, ಅಯ್ಯೋ ಪಾಪ, ಶುದ್ಧ ಪೆದ್ದ. ಯಾವುದನ್ನು ಬಿಡುತ್ತೀರಿ?

ಮರುದಿನ ಕ್ಲಾಸಿನಲ್ಲಿ ನಾನು ಇಷ್ಟೆಲ್ಲ ಹೇಳಿ ಮುಗಿಸುವ ಮೊದಲೇ ಅದೇ ಹುಡುಗ ಎದ್ದು, “ಹಾಗಾದರೆ ನಮ್ಮ ‘ಪಾಪದ’ ಅಲ್ವಾ ಮೇಡಂ?” ಎಂದ. ಘಟ್ಟದ ಮೇಲಿನ ಓದುಗರಿಗೆ ಹೇಳುವುದಾದರೆ, ನಮ್ಮ ದಕ್ಷಿಣ ಕನ್ನಡದಲ್ಲಿ ‘ಪಾಪದವ’ ಎಂದರೆ ಪಾಪಿ ಅಲ್ಲ. ಯಾರ ತಂಟೆಗೂ ಹೋಗದವ, ಮೆತ್ತಗಿನವ, ಕೆಲವೊಮ್ಮೆ ಬಡವ. “ಅದು ಪಾಪದ ದನ, ಹಾಯುವುದಿಲ್ಲ” ಎಂದರೆ ಹತ್ತಿರ ಹೋಗಬಹುದು. ಪಾಪದ ಬಕೆಟುಗಳು! ಕೋಲ್‌ರಿಜನಿಗೆ ಇದಕ್ಕಿಂತ ಒಳ್ಳೆಯ ಅನುವಾದ ನಾನು ಇವತ್ತಿನವರೆಗೆ ಕಂಡಿಲ್ಲ. ಬಾಯಿ ತೆರೆದುಕೊಂಡು, ಬರಿದಾಗಿ, ಯಾವ ಕೆಲಸಕ್ಕೂ ಬಾರದೆ ಬಿದ್ದಿದ್ದವು ತಾನೇ ಅವು? ಅವನಿಗಿಂತ ಮೊದಲು, 1785ರಲ್ಲಿ, ನೇಗಿಲಿಗೆ ಸಿಕ್ಕಿ ಗೂಡು ಕಳೆದುಕೊಂಡ ಇಲಿಯ ಮೇಲೆ ಪದ್ಯ ಬರೆದ ಬರ್ನ್ಸ್ ಕೂಡ ಆ ಗೂಡಿನ ಬಡಪಾಯಿ ಗೋಡೆಗಳನ್ನು ಸಿಲ್ಲಿ ಎಂದೇ ಕರೆದಿದ್ದಾನೆ. (ಆ ವರ್ಷ ಪೂರ್ತಿ ಕಾರಿಡಾರಿನಲ್ಲಿ ನನ್ನ ಅಡ್ಡಹೆಸರು ಪಾಪದ ಬಕೆಟ್ ಎಂದು ಆಮೇಲೆ ತಿಳಿಯಿತು.)

ಶೇಕ್ಸ್‌ಪಿಯರನಲ್ಲಂತೂ ಹಳತು ಹೊಸತು ಎರಡೂ ಇವೆ. ಒಂದು ನಾಟಕದಲ್ಲಿ ಕಾಡಿನ ದರೋಡೆಕೋರರಿಗೆ ‘ಸಿಲ್ಲಿ ಹೆಂಗಸರ’ ತಂಟೆಗೆ ಹೋಗಬಾರದೆಂಬ ಷರತ್ತು ಬರುತ್ತದೆ, ಅಲ್ಲಿ ಅರ್ಥ ದಿಕ್ಕಿಲ್ಲದ ಹೆಂಗಸರು. ಇನ್ನೊಂದರಲ್ಲಿ ರಾಣಿಯೊಬ್ಬಳು ಕೆಲಸಗಾರರು ಆಡುವ ನಾಟಕ ನೋಡಿ, ಇಷ್ಟು ಸಿಲ್ಲಿಯಾದದ್ದನ್ನು ನಾನು ಕೇಳಿಯೇ ಇಲ್ಲ ಎನ್ನುತ್ತಾಳೆ. ಅದು ನಮ್ಮ ಮೊಮ್ಮಕ್ಕಳು ಹೇಳುವ ಸಿಲ್ಲಿ. ಬ್ಯಾಟಿನ ಮೂಗಿನಡಿ ನಿಲ್ಲುವ ಹುಚ್ಚು ಧೈರ್ಯಕ್ಕೆ ಕ್ರಿಕೆಟಿನವರು ಸಿಲ್ಲಿ ಪಾಯಿಂಟ್ ಎಂದು ಹೆಸರಿಟ್ಟದ್ದೂ ಅದೇ ಅರ್ಥದಲ್ಲಿ. ಮೂಲಾರ್ಥವೇ ಸರಿ ಎನ್ನುವುದಾದರೆ ಇನ್ನು ಮುಂದೆ ಕಾಮೆಂಟರಿಯಲ್ಲಿ ‘ಧನ್ಯ ಪಾಯಿಂಟ್’ ಎನ್ನಬೇಕಾದೀತು!

ಈಗ ನಮ್ಮ ‘ಮುಗ್ಧ’ವನ್ನು ನೋಡಿ. ಅದು ಹೊರಟದ್ದು ಮಂಕು ಬುದ್ಧಿಯಿಂದ. ಅಲಂಕಾರಶಾಸ್ತ್ರದವರು ಪ್ರೇಮದಲ್ಲಿ ಇನ್ನೂ ಪಳಗದ ನಾಯಿಕೆಯನ್ನು ಮುಗ್ಧೆ ಎಂದರು, ಪದಕ್ಕೆ ಚೆಲುವು ಬಂತು. ಕನ್ನಡದ ಬಾಯಿಗೆ ಬಂದು ಕೇಡರಿಯದ ಮನಸ್ಸು ಎಂದಾಯಿತು. ಒಡಹುಟ್ಟಿದ ‘ಮೂಢ’ ಮಾತ್ರ ಇದ್ದಲ್ಲೇ ಉಳಿಯಿತು. ಶಿರಾಡಿ ಘಾಟಿಯಲ್ಲಿ ಒಂದು ಬಸ್ಸು ಹತ್ತುವಾಗ ಇನ್ನೊಂದು ಇಳಿಯುವಂತೆ, ‘ಸೀಲಿ’ ಇಳಿಯಿತು, ‘ಮುಗ್ಧ’ ಹತ್ತಿತು. ಎರಡೂ ಎದುರುಬದುರಾದ ತಿರುವಿನಲ್ಲಿ ಅರ್ಥ ಒಂದೇ. ಇಷ್ಟು ಕಷ್ಟಪಟ್ಟು ಮೇಲೆ ಬಂದ ಪದದ ಜಾತಕ ತೆಗೆದು ಅದನ್ನು ಮತ್ತೆ ಕೆಳಕ್ಕೆ ದಬ್ಬುವುದು ನ್ಯಾಯವಲ್ಲ. ‘ನಿಷ್ಕಪಟ’ ಎನ್ನಬೇಕಾದರೆ ಮೊದಲು ಕಪಟದ ಹೆಸರೆತ್ತಿ ಆಮೇಲೆ ಇಲ್ಲ ಎನ್ನಬೇಕು. ಮಕ್ಕಳ ವಿಷಯದಲ್ಲಿ ಆ ಸುತ್ತುದಾರಿ ಯಾಕೆ?

ಆದ್ದರಿಂದ ಶೀರ್ಷಿಕೆ ಹಾಗೆಯೇ ಇರಲಿ ಎಂದು ನನ್ನ ಕೋರಿಕೆ. ಆಕ್ಷೇಪಿಸಿದವರಿಗೂ ಒಂದು ಮಾತು ಬಿಟ್ಟುಕೊಡುತ್ತೇನೆ. ಕನ್ನಡಕ ಹಾಕಿ ಫೋಟೋವನ್ನು ಇನ್ನೊಮ್ಮೆ ನೋಡಿದೆ. ಎಡಬದಿಯ ಹುಡುಗ ಬೆನ್ನ ಹಿಂದೆ ಅಡಗಿಸಿಕೊಂಡ ಕೈಯಲ್ಲಿ ದೊಡ್ಡದೊಂದು ಕೆಸರಿನ ಮುದ್ದೆಯಿದೆ, ಕಣ್ಣು ಎದುರಿನ ಹುಡುಗಿಯ ಬಿಳಿ ಅಂಗಿಯ ಮೇಲಿದೆ. ಅವನೊಬ್ಬನ ಮಟ್ಟಿಗೆ ‘ಮುಗ್ಧ’ವೂ ಸಲ್ಲದು, ‘ನಿಷ್ಕಪಟ’ವೂ ಸಲ್ಲದು.

— ನಿವೃತ್ತ ಇಂಗ್ಲಿಷ್ ಉಪನ್ಯಾಸಕಿ, ಪುತ್ತೂರು